ಎಳೆಯ ಗಾರ್ಡಿನ ಸತ್ತ್ವಪರೀಕ್ಷೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಎನ್‌ಬಿಎಯ ಕಟ್ಟಳೆಗಳಲ್ಲಿ ಒಂದು, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದಿದ್ದರೂ, ಎಳೆಯ ಆಟಗಾರರ ಬಾಳನ್ನು ಬಹುವಾಗಿ ಆಳುತ್ತದೆ. ಡ್ರಾಫ್ಟ್ ಎಂದು ಕರೆಯುವ ವಾರ್ಷಿಕ ಆಯ್ಕೆಯ ಮೊದಲ ಸುತ್ತಿನಲ್ಲಿ ಹೆಸರು ಬಂದ ತರುಣನಿಗೆ ಎರಡು ವರ್ಷಗಳ ಸಂಬಳವು ನಿಶ್ಚಿತವಾಗಿರುತ್ತದೆ. ಮೂರನೆಯ ಮತ್ತು ನಾಲ್ಕನೆಯ ವರ್ಷಗಳು ತಂಡದ ಇಚ್ಛೆಗೆ ಬಿಟ್ಟವು. ಆ ಮೂರನೆಯ ವರ್ಷಕ್ಕೆ ಅವನನ್ನು ಉಳಿಸಿಕೊಳ್ಳಬೇಕೆ ಬೇಡವೆ ಎಂಬುದನ್ನು, ಅವನ ಎರಡನೆಯ ವರ್ಷದ ಆಟವು ಇನ್ನೂ ಮೊದಲ್ಗೊಳ್ಳುತ್ತಿರುವಾಗಲೇ, ಅಕ್ಟೋಬರ್ 31ರೊಳಗಾಗಿ ತಂಡವು ತಿಳಿಸಿಬಿಡಬೇಕು. ಎಂದರೆ, ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನ ಭವಿಷ್ಯವನ್ನು ಕುರಿತ ತೀರ್ಪಿಗೆ ಆಧಾರವಾಗಿ ಹಿರಿಯರ ಮುಂದಿರುವುದು ಒಂದೇ ಒಂದು ಋತು; ಹೆಚ್ಚೆಂದರೆ 82 ಪಂದ್ಯಗಳು. ತಂಡಗಳಿಗೆ ಈ ಅವಸರವನ್ನು ಕಟ್ಟಳೆಯೇ ವಿಧಿಸಿದೆ. ಪ್ರೇಕ್ಷಕರಾದ ನಮಗೆ ಅಂಥ ನಿರ್ಬಂಧವೇನೂ ಇಲ್ಲ. ಆದರೂ ಹೊಸಬನೊಬ್ಬನು ಹತ್ತು ಪಂದ್ಯಗಳನ್ನು ಆಡಿ ಮುಗಿಸುವಷ್ಟರಲ್ಲಿಯೇ ಅವನು ಮುಂದೆ ಏನಾಗುವನು, ಏನಾಗಲಾರನು ಎಂಬುದನ್ನೆಲ್ಲ ನಿರ್ಧರಿಸಿಬಿಡುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ. ಪೈರು ಮೊಳೆತ ವಾರಕ್ಕೇ ಕಣದ ರಾಶಿಯನ್ನು ಅಳೆಯಹೊರಟಂತಿರುವ ಈ ಆತುರದಿಂದ ಒದಗುವ ಅನ್ಯಾಯವು ಉಳಿದೆಲ್ಲರಿಗಿಂತ ಹೆಚ್ಚಾಗಿ ಗಾರ್ಡ್ ಸ್ಥಾನದ ಆಟಗಾರರಿಗೆ ತಗಲುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೆ ಕಾರಣವು ಆ ಸ್ಥಾನದ ಸ್ವರೂಪದಲ್ಲಿಯೇ ಇದೆ. ಎತ್ತರವೇ ಬಂಡವಾಳವಾದ ಸೆಂಟರ್ ಆಟಗಾರನು, ಬುದ್ಧಿಯು ಇನ್ನೂ ಪಕ್ವವಾಗದಿದ್ದರೂ, ಬುಟ್ಟಿಯ ಕೆಳಗೆ ನಿಂತು ಕೈಯೆತ್ತಿದ ಮಾತ್ರದಿಂದಲೇ ಮೊದಲ ದಿನದಿಂದ ತಂಡಕ್ಕೆ ಪ್ರಯೋಜನಕಾರಿಯಾಗಬಲ್ಲನು. ಗಾರ್ಡಿಗೆ ಆ ಸೌಕರ್ಯವಿಲ್ಲ. ಚೆಂಡನ್ನು ಅಂಗಳದ ಆ ತುದಿಯಿಂದ ಈ ತುದಿಗೆ ತರುವವನು, ಯಾರು ಎಲ್ಲಿ ನಿಲ್ಲಬೇಕೆಂದು ಕೈಸನ್ನೆಯಿಂದ ಹೇಳುವವನು, 24 ಸೆಕೆಂಡುಗಳ ಗಡುವಿನೊಳಗೆ ಚೆಂಡು ಯಾರ ಕೈ ಸೇರಬೇಕೆಂಬುದನ್ನು ನಿಶ್ಚಯಿಸುವವನು ಆತನೇ. ಕಾಲೇಜಿನ ಆಟದಲ್ಲಿ ಆ ಗಡುವು ಬಹುಕಾಲ 35 ಸೆಕೆಂಡುಗಳಷ್ಟಿತ್ತು. ಮೂರು ಅಂಕ ತಂದುಕೊಡುವ ಗೆರೆಯು, ನಾನು ಮುಂದೆ ಹೇಳಲಿರುವ 2009ರ ಸುಮಾರಿನಲ್ಲಿ, ಕಾಲೇಜಿನಲ್ಲಿ ಬುಟ್ಟಿಯಿಂದ 6.32 ಮೀಟರ್ ದೂರದಲ್ಲಿದ್ದರೆ ವೃತ್ತಿಪರ ಅಂಗಳದ ನಡುವಿನಲ್ಲಿ 7.24 ಮೀಟರ್ ದೂರದಲ್ಲಿತ್ತು. ಕಾಲವು ಕುಗ್ಗಿ, ದೂರವು ಹಿಗ್ಗಿ, ಎದುರಾಳಿಯು ಇಮ್ಮಡಿ ಬಲಿಷ್ಠನಾದ ಒಂದು ಲೋಕಕ್ಕೆ ಹೊಸ ಗಾರ್ಡು ಒಮ್ಮೆಗೇ ಕಾಲಿಡುತ್ತಾನೆ. ಅಲ್ಲಿ ಅವನು ಕಲಿಯಬೇಕಾದ ವಿದ್ಯೆಯು ಬಹುಮಟ್ಟಿಗೆ ಕಣ್ಣಿನದು, ವಿವೇಕದ್ದು. ಅಂಥ ವಿದ್ಯೆಯ ಬೆಳವಣಿಗೆ ಮೈಕಟ್ಟಿನ ಬೆಳವಣಿಗೆಯಂತೆ ಹೊರಗೆ ಕಾಣುವಂಥದಲ್ಲ.

2009ರ ಡ್ರಾಫ್ಟಿನಲ್ಲಿ ಬಂದ ಗಾರ್ಡುಗಳ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ; ಏಕೆಂದರೆ ಒಂದೇ ವರ್ಷದಲ್ಲಿ, ಒಂದೇ ಸ್ಥಾನಕ್ಕೆ, ಅಷ್ಟು ಮಂದಿ ಸಮರ್ಥರು ಒಟ್ಟಿಗೆ ಬಂದುದು ಅಪೂರ್ವ. ನಾಲ್ಕನೆಯವನಾಗಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡವು ಟೈರೀಕ್ ಎವನ್ಸ್‌ನನ್ನು ಆರಿಸಿತು. ಐದನೆಯ ಮತ್ತು ಆರನೆಯ ಆಯ್ಕೆಗಳೆರಡೂ ಮಿನೆಸೋಟ ತಂಡದ ವಶದಲ್ಲಿದ್ದುವು. ಅವರು ಸ್ಪೇನಿನ ರಿಕಿ ರೂಬಿಯೊನನ್ನೂ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದ ಜಾನಿ ಫ್ಲಿನ್‌ನನ್ನೂ, ಎಂದರೆ ಇಬ್ಬರು ಗಾರ್ಡುಗಳನ್ನೇ, ಬೆನ್ನುಬೆನ್ನಿಗೆ ಆರಿಸಿದರು. ಏಳನೆಯವನಾಗಿ, ಡೇವಿಡ್ಸನ್ ಎಂಬ ಚಿಕ್ಕ ಕಾಲೇಜಿನ ಕೃಶಕಾಯದ ಸ್ಟೆಫನ್ ಕರಿಯು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡಕ್ಕೆ ದೊರೆತನು. ಹತ್ತನೆಯವನು, ಕಾಲೇಜಿಗೆ ಹೋಗದೆ ಇಟಲಿಯ ರೋಮ್ ನಗರದಲ್ಲಿ ಒಂದು ವರ್ಷ ಆಡಿ ಬಂದಿದ್ದ ಬ್ರ್ಯಾಂಡನ್ ಜೆನ್ನಿಂಗ್ಸ್. ಹದಿನೇಳನೆಯವನು ಜ್ರೂ ಹಾಲಿಡೇ. ಇಪ್ಪತ್ತೊಂದನೆಯವನು ಡ್ಯಾರನ್ ಕಾಲಿಸನ್. ವರ್ಷದ ಕೊನೆಗೆ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿಯು ಎವನ್ಸ್‌ಗೆ ಸಂದಿತು. ಮತಗಣನೆಯಲ್ಲಿ ಕರಿಯು ಎರಡನೆಯವನು, ಜೆನ್ನಿಂಗ್ಸ್ ಮೂರನೆಯವನು.

ಎವನ್ಸ್‌ಗೆ ಆ ಗೌರವವು ಸಲ್ಲಬಾರದಿತ್ತೆಂದು ಹೇಳಿದರೆ ಅದು ಅಂದಿನ ಆಟಕ್ಕೆ ಮಾಡುವ ಅಪಚಾರ. ಸುಮಾರು 1.98 ಮೀಟರ್ ಎತ್ತರದ, ನೂರು ಕಿಲೋ ತೂಕದ ಆ ಇಪ್ಪತ್ತರ ತರುಣನು ಚೆಂಡನ್ನು ನೆಲಕ್ಕೆ ಪುಟಿಸುತ್ತ ಬುಟ್ಟಿಯತ್ತ ನುಗ್ಗಿದನೆಂದರೆ ಅವನಿಗಿಂತ ಚಿಕ್ಕವರಾದ ಎದುರಾಳಿ ಗಾರ್ಡುಗಳು ಮೈಯೊಡ್ಡಿಯೂ ತಡೆಯಲಾರದೆ ಸರಿಯುತ್ತಿದ್ದರು. ಪಂದ್ಯವೊಂದಕ್ಕೆ ಸರಾಸರಿ 20.1 ಅಂಕ, 5.3 ರಿಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), 5.8 ಅಸಿಸ್ಟ್ (ಜೊತೆಗಾರನ ಸಫಲ ಎಸೆತಕ್ಕೆ ಚೆಂಡನ್ನು ಒದಗಿಸುವುದು). ಮೊದಲ ವರ್ಷದಲ್ಲಿಯೇ 20, 5, 5 ಎಂಬ ಈ ಮೂರು ಮಟ್ಟಗಳನ್ನು ಅವನಿಗೆ ಮುನ್ನ ಮುಟ್ಟಿದ್ದವರು ಆಸ್ಕರ್ ರಾಬರ್ಟ್‌ಸನ್, ಮೈಕೇಲ್ ಜೋರ್ಡನ್, ಲೆಬ್ರಾನ್ ಜೇಮ್ಸ್ ಎಂಬ ಮೂವರೇ. ಅಂಥ ಪಂಕ್ತಿಯಲ್ಲಿ ನಾಲ್ಕನೆಯ ಹೆಸರಾಗಿ ಕುಳಿತವನನ್ನು ಕಂಡಾಗ ಅವನೂ ಆ ಮೂವರ ಹಾದಿಯನ್ನೇ ಹಿಡಿಯುವನೆಂದು ಮನಸ್ಸು ನಂಬಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಲೆಕ್ಕದ ಪುಟದಲ್ಲಿ, ಅಷ್ಟಾಗಿ ಯಾರೂ ಬೆರಳಿಟ್ಟು ತೋರಿಸದ ಇನ್ನೊಂದು ಸಾಲೂ ಇತ್ತು: ಮೂರು ಅಂಕದ ಎಸೆತಗಳಲ್ಲಿ ನೂರಕ್ಕೆ 25.5 ಮಾತ್ರ ಬುಟ್ಟಿಗೆ ಬಿದ್ದಿದ್ದುವು. ಎದುರಾಳಿಯ ತಪ್ಪಿಗೆ ಪರಿಹಾರವಾಗಿ ದೊರೆಯುವ ಫ್ರೀ ಥ್ರೋಗಳಲ್ಲಿ ನೂರಕ್ಕೆ 75ರ ಹತ್ತಿರ. ಅವನ ಆಟದ ಸಮಸ್ತ ಬಲವೂ ದೇಹದ ಒಂದೇ ಗುಣದ ಮೇಲೆ ನಿಂತಿತ್ತು. ಮರುವರ್ಷ ಅಂಗಾಲಿನ ನೋವು ಬಂದು ಆ ಗುಣವು ಕುಂದಿದೊಡನೆ ಸರಾಸರಿಯು 17.8ಕ್ಕೆ ಇಳಿಯಿತು, ಎದುರಾಳಿಗಳು ಅವನಿಂದ ಎರಡು ಹೆಜ್ಜೆ ಹಿಂದೆ ನಿಂತು, ದೂರದಿಂದ ಬೇಕಾದರೆ ಎಸೆದುಕೋ ಎಂದು ಬಿಟ್ಟುಕೊಡುವುದನ್ನು ಕಲಿತರು. 2011ರ ಡ್ರಾಫ್ಟಿನಲ್ಲಿ ಅರುವತ್ತನೆಯವನಾಗಿ, ಎಂದರೆ ಎಲ್ಲರಿಗಿಂತ ಕಡೆಯವನಾಗಿ ಅದೇ ತಂಡಕ್ಕೆ ಬಂದ ಐಸೇಯ ಥಾಮಸ್ ಎಂಬ ಗಿಡ್ಡ ಗಾರ್ಡು ಚೆಂಡಿನ ಅಧಿಕಾರವನ್ನು ವಹಿಸಿಕೊಂಡನು. ಎವನ್ಸ್‌ನನ್ನು ಫಾರ್ವರ್ಡ್ ಸ್ಥಾನಕ್ಕೆ ಸರಿಸಲಾಯಿತು. ಆ ಮೊದಲ ವರ್ಷದ ಅಂಕಗಳ ಸರಾಸರಿಯನ್ನು ಆತನು ಮತ್ತೆಂದೂ ಮುಟ್ಟಲಿಲ್ಲ. ಅತ್ಯಂತ ಸಮೀಪಕ್ಕೆ ಬಂದುದು 2017–18ರಲ್ಲಿ, ಮೆಂಫಿಸ್ ತಂಡದಲ್ಲಿ, 19.4.

ಜೆನ್ನಿಂಗ್ಸ್‌ನ ಪ್ರಸಂಗವು ಇದಕ್ಕಿಂತ ರೋಮಾಂಚಕವಾದುದು. 2009ರ ನವೆಂಬರ್ 14ರ ರಾತ್ರಿ, ವೃತ್ತಿಜೀವನದ ಏಳನೆಯ ಪಂದ್ಯದಲ್ಲಿ, ತನ್ನ ತಂಡವಾದ ಮಿಲ್ವಾಕಿಯ ಅಂಗಳದಲ್ಲಿ, ಮೊದಲ ಕಾಲುಭಾಗದಲ್ಲಿ ಒಂದು ಅಂಕವನ್ನೂ ಗಳಿಸದಿದ್ದ ಆ ಹುಡುಗನು ಪಂದ್ಯ ಮುಗಿಯುವ ಹೊತ್ತಿಗೆ 55 ಅಂಕಗಳನ್ನು ಗಳಿಸಿದ್ದನು. ಮೂರನೆಯ ಕಾಲುಭಾಗವೊಂದರಲ್ಲಿಯೇ 29. ದೂರದಿಂದೆಸೆದ ಎಂಟು ಚೆಂಡುಗಳಲ್ಲಿ ಏಳು ಬುಟ್ಟಿಯೊಳಗೆ ಇಳಿದುವು. ಅದೇ ತಂಡದ ಹೊಸಬನಾಗಿ ಕರೀಮ್ ಅಬ್ದುಲ್-ಜಬ್ಬಾರ್ ಸ್ಥಾಪಿಸಿದ್ದ 51 ಅಂಕಗಳ ದಾಖಲೆಯೂ ಅಳಿಯಿತು. ಅಂದು ಎದುರು ಪಕ್ಷದಲ್ಲಿದ್ದುದು ಗೋಲ್ಡನ್ ಸ್ಟೇಟ್. ಅಲ್ಲಿನ ಹೊಸ ಗಾರ್ಡು ಸ್ಟೆಫನ್ ಕರಿ. ಆ ರಾತ್ರಿ ಆ ಇಬ್ಬರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು, ಮುಂದೆ ಯಾರ ಎಸೆತವು ಈ ಆಟದ ರೂಪವನ್ನೇ ಬದಲಿಸುವುದೆಂದು ಕೇಳಿದ್ದರೆ, ನೋಡಿದವರಲ್ಲಿ ಹೆಚ್ಚಿನವರು ಯಾವ ಹೆಸರಿಗೆ ಗುರುತು ಹಾಕುತ್ತಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಆ ವರ್ಷದ ಕೊನೆಗೆ ಜೆನ್ನಿಂಗ್ಸ್‌ನ ಲೆಕ್ಕವನ್ನು ಕೂಡಿದಾಗ ಒಂದು ವಿಚಿತ್ರವು ಗೋಚರಿಸಿತು: ಮೂರು ಅಂಕದ ಎಸೆತಗಳಲ್ಲಿ ನೂರಕ್ಕೆ 37.4ರಷ್ಟು ಸಫಲವಾಗಿದ್ದರೆ, ಹತ್ತಿರದ ಎಸೆತಗಳನ್ನೂ ಸೇರಿಸಿದ ಒಟ್ಟು ದರವು 37.1. ಎಂದರೆ ಬುಟ್ಟಿಗೆ ಸಮೀಪಿಸಿದಷ್ಟೂ ಕೆಲಸವು ಸುಲಭವಾಗಬೇಕಾದ ಆಟದಲ್ಲಿ, ಆತನಿಗೆ ಸಮೀಪಿಸಿಯೂ ಏನೂ ಲಾಭವಾಗುತ್ತಿರಲಿಲ್ಲ. ಎತ್ತರದವರ ಕೈಗಳ ನಡುವೆ ಚೆಂಡನ್ನು ಮುಗಿಸುವ ಉಪಾಯವು ಅವನಿಗೆ ಇನ್ನೂ ಒಲಿದಿರಲಿಲ್ಲ. ಒಂದು ರಾತ್ರಿಯ 55 ಅಂಕಗಳನ್ನು ಮೆಚ್ಚಿ ಆನಂದಿಸುವುದು ಸಹೃದಯತೆ. ಆ ರಾತ್ರಿಯನ್ನೇ ಅಳತೆಗೋಲಾಗಿ ಹಿಡಿದು ಮುಂದಿನ ನೂರು ರಾತ್ರಿಗಳಲ್ಲಿ ಹುಡುಗನನ್ನು ಹಳಿಯುವುದು ಕ್ರೌರ್ಯ. ಆ ಕ್ರೌರ್ಯಕ್ಕೆ ಆತನು ಬಹುಕಾಲ ಗುರಿಯಾದನು. 2015ರ ಜನವರಿಯಲ್ಲಿ, ಡೆಟ್ರಾಯಿಟ್ ತಂಡದಲ್ಲಿದ್ದಾಗ, ಹಿಮ್ಮಡಿಯ ಸ್ನಾಯುರಜ್ಜು ಹರಿದು ಅವನ ವೇಗವು ಹಿಂದಿನಂತೆ ಉಳಿಯಲಿಲ್ಲ.

ಮೊದಲ ವರ್ಷದ ಅಂಕಿಗಳಲ್ಲಿ ಆಟಗಾರನ ಶಕ್ತಿಯೆಷ್ಟು, ಅವನಿಗೆ ದೊರೆತ ಅವಕಾಶವೆಷ್ಟು ಎಂಬುದನ್ನು ಬೇರ್ಪಡಿಸದೆ ಯಾವ ತೀರ್ಮಾನಕ್ಕೂ ಬರಕೂಡದು. ಹಾಲಿಡೇ ಮತ್ತು ಕಾಲಿಸನ್ ಇಬ್ಬರೂ ಡ್ರಾಫ್ಟಿಗೆ ಹಿಂದಿನ ವರ್ಷ ಕ್ಯಾಲಿಫೋರ್ನಿಯದ ಯುಸಿಎಲ್‌ಎ ತಂಡದಲ್ಲಿ ಜೊತೆಯಾಗಿ ಆಡಿದವರು. ಕಾಲಿಸನ್ ಹಿರಿಯ ವಿದ್ಯಾರ್ಥಿ. ಚೆಂಡು ಅವನ ಕೈಯಲ್ಲಿ. ಹಾಲಿಡೇ ಮೊದಲ ವರ್ಷದವನು. ಹುಟ್ಟಾ ಪಾಯಿಂಟ್ ಗಾರ್ಡ್, ಎಂದರೆ ಚೆಂಡನ್ನು ನಡೆಸುವ ಗಾರ್ಡು, ಆಗಿದ್ದರೂ ಪಕ್ಕದಲ್ಲಿ ನಿಂತು ಪಾಸಿಗಾಗಿ ಕಾಯಬೇಕಾಯಿತು. ಎನ್‌ಬಿಎಗೆ ಬಂದ ಮೇಲೆ ಕಾಲಿಸನ್‌ನಿಗೆ ಮತ್ತೊಂದು ಅದೃಷ್ಟವು ಒದಗಿತು. ನ್ಯೂ ಆರ್ಲಿಯನ್ಸ್ ತಂಡದ ಶ್ರೇಷ್ಠ ಗಾರ್ಡು ಕ್ರಿಸ್ ಪಾಲ್ ಗಾಯಗೊಂಡು ಕುಳಿತುದರಿಂದ, ಅವನ ಜಾಗದಲ್ಲಿ ಪಂದ್ಯಾರಂಭದಿಂದ ಆಡಿದ 37 ಪಂದ್ಯಗಳಲ್ಲಿ ಈತನು ಸುಮಾರು 19 ಅಂಕ ಮತ್ತು 9 ಅಸಿಸ್ಟ್‌ಗಳ ಸರಾಸರಿಯನ್ನು ತೋರಿದನು. ಅವೇ ಕೈಗಳು, ಅದೇ ಬುದ್ಧಿ. ಬೆಂಚಿನಿಂದ ಎದ್ದು ಬಂದ ಪಂದ್ಯಗಳಲ್ಲಿ ಲೆಕ್ಕವೇ ಬೇರೆ. ಮುಂದೆ ಬಹುಕಾಲ ಹಲವು ತಂಡಗಳಲ್ಲಿ ನಂಬಿಕಸ್ಥನಾದ ಗಾರ್ಡಾಗಿ ಬಾಳಿದ ಕಾಲಿಸನ್ ಆ 37 ಪಂದ್ಯಗಳ ಎತ್ತರದಲ್ಲಿ ನಿಲ್ಲಲಿಲ್ಲವಾದರೂ, ಅವನನ್ನು ವಿಫಲನೆನ್ನಲು ಯಾರಿಗೂ ಅಧಿಕಾರವಿಲ್ಲ.

ಅವಕಾಶವೆಂದರೆ ನಿಮಿಷಗಳ ಎಣಿಕೆಯಷ್ಟೇ ಎಂದು ತಿಳಿಯಬಾರದು. ಮಿನೆಸೋಟದ ಜಾನಿ ಫ್ಲಿನ್‌ಗೆ ನಿಮಿಷಗಳ ಬರವಿರಲಿಲ್ಲ. ಆತನು ಮೊದಲ ವರ್ಷ 81 ಪಂದ್ಯಗಳನ್ನು ಆರಂಭಿಸಿ 13.5 ಅಂಕಗಳ ಸರಾಸರಿಯನ್ನು ಗಳಿಸಿದನು. ಆದರೆ ಚೆಂಡನ್ನು ಕೈಯಲ್ಲಿಟ್ಟುಕೊಂಡು ವೇಗವಾಗಿ ನುಗ್ಗುವುದೇ ಸ್ವಭಾವವಾದ ಅವನನ್ನು, ಚೆಂಡು ತ್ರಿಕೋನಾಕಾರದಲ್ಲಿ ಕೈಯಿಂದ ಕೈಗೆ ಹಾಯುತ್ತ ಗಾರ್ಡಿನ ಅಧಿಕಾರವು ಬಹುಮಟ್ಟಿಗೆ ಹಂಚಿಹೋಗುವ ಟ್ರಯಾಂಗಲ್ ಎಂಬ ಪದ್ಧತಿಯಲ್ಲಿ ಆಡಿಸಲಾಯಿತು. ಆ ತಂಡವು 82 ಪಂದ್ಯಗಳಲ್ಲಿ 15ನ್ನು ಮಾತ್ರ ಗೆದ್ದಿತು. ಬೇಸಗೆಯಲ್ಲಿ ಅವನ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಯಿತು. 2012ರ ತರುವಾಯ ಆತನು ಎನ್‌ಬಿಎ ಅಂಗಳದಲ್ಲಿ ಕಾಣಿಸಿಕೊಳ್ಳಲಿಲ್ಲ. ಅವನಲ್ಲಿ ಸತ್ತ್ವವಿರಲಿಲ್ಲವೆಂದು ಹೇಳುವವರು, ಆ ಸತ್ತ್ವವನ್ನು ಯಾವ ನೆಲೆಯಲ್ಲಿ ಯಾರು ಪರೀಕ್ಷಿಸಿದರೆಂಬುದನ್ನೂ ಹೇಳಬೇಕಾಗುತ್ತದೆ.

ಅಂಕಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಇದು ಬರಿಯ ಗಣಿತದ ಮಾತು. ದೂರದ ಎಸೆತಗಳಲ್ಲಿ ನೂರಕ್ಕೆ 35ನ್ನು ಬುಟ್ಟಿಗೆ ಹಾಕುವ ಕೌಶಲವು ಒಬ್ಬನಲ್ಲಿ ನೆಲೆಯಾಗಿದೆಯೆಂದು ಭಾವಿಸೋಣ. ಆತನು ಮೊದಲ ಋತುವಿನಲ್ಲಿ 200 ಸಲ ಎಸೆದರೆ 70 ಬುಟ್ಟಿಗೆ ಬೀಳಬೇಕು. ಆದರೆ ಆ ಕೌಶಲದಲ್ಲಿ ಎಳ್ಳಷ್ಟೂ ಹೆಚ್ಚುಕಡಿಮೆಯಾಗದೆಯೇ, ಆಕಸ್ಮಿಕದಿಂದ ಮಾತ್ರವೇ, ಅದು 63ಕ್ಕೆ ಇಳಿಯಬಹುದು, 77ಕ್ಕೆ ಏರಬಹುದು. ಸುಮಾರು ನಾಲ್ಕು ಋತುಗಳಲ್ಲಿ ಒಂದರಲ್ಲಿ ಈ ಎರಡು ಎಲ್ಲೆಗಳಲ್ಲಿ ಒಂದನ್ನು ದಾಟಿ ಆಚೆಗೆ ಹೋಗಬಹುದು. 63 ಎಂದರೆ ನೂರಕ್ಕೆ 31.5, ದೂರದಿಂದ ಎಸೆಯಲಾರನೆಂಬ ಅಪಖ್ಯಾತಿ. 77 ಎಂದರೆ 38.5, ಉತ್ತಮ ಎಸೆತಗಾರನೆಂಬ ಕೀರ್ತಿ. ಒಬ್ಬನೇ ಆಟಗಾರನು ಒಂದೇ ಕೌಶಲದಿಂದ ಈ ಎರಡರಲ್ಲಿ ಯಾವುದನ್ನಾದರೂ ಪಡೆಯಬಹುದಾದಾಗ, ಇಪ್ಪತ್ತು ಪಂದ್ಯಗಳ ಶೇಕಡಾವಾರನ್ನು ಹಿಡಿದು ನಡೆಸುವ ವಾದಕ್ಕೆ ಬೆಲೆಯೆಷ್ಟು? ಆದ್ದರಿಂದಲೇ ಈ ಆಟವನ್ನು ಬಲ್ಲವರು ಹೊಸಬನ ಕೈಯ ಹದವನ್ನು ತಿಳಿಯಲು ಮೊದಲು ಅವನ ಫ್ರೀ ಥ್ರೋಗಳನ್ನು ನೋಡುತ್ತಾರೆ. ಅಲ್ಲಿ ದೂರವು ಸ್ಥಿರ, 4.57 ಮೀಟರ್, ತಡೆಯುವವರಿಲ್ಲ, ಜೊತೆಗಾರರ ನೆರವೂ ಇಲ್ಲ, ಅಡ್ಡಿಯೂ ಇಲ್ಲ. ಮಣಿಕಟ್ಟು, ಬೆರಳು, ಉಸಿರು, ಇಷ್ಟರ ಲೆಕ್ಕ. ಇಂದು ದೂರದಿಂದ ತಪ್ಪುತ್ತಿದ್ದರೂ ಫ್ರೀ ಥ್ರೋಗಳಲ್ಲಿ ನೂರಕ್ಕೆ 85ನ್ನು ಹಾಕುವವನ ಕೈ ಮುಂದೆ ತಿದ್ದಿಕೊಳ್ಳುವುದೆಂದು ಆಶಿಸಲು ಆಧಾರವಿದೆ.

ಅಂಕಿಗಳಿಗೆ ಸಿಕ್ಕದ ಭಾಗವನ್ನು ಕಾಣಬೇಕಾದರೆ ಆಟದ ಒಂದು ಕ್ಷಣವನ್ನು ಬಿಡಿಸಿ ನೋಡಬೇಕು. ಗಾರ್ಡು ಚೆಂಡನ್ನು ಪುಟಿಸುತ್ತ ಅಂಗಳದ ನಡುವೆ ನಿಂತಿದ್ದಾನೆ. ಎತ್ತರದ ಜೊತೆಗಾರನೊಬ್ಬನು ಮುಂದೆ ಬಂದು, ಗಾರ್ಡನ್ನು ಕಾಯುತ್ತಿರುವವನ ದಾರಿಗೆ ಅಡ್ಡವಾಗಿ ನಿಲ್ಲುತ್ತಾನೆ. ಇದಕ್ಕೆ ಸ್ಕ್ರೀನ್ ಎಂದು ಹೆಸರು. ಗಾರ್ಡು ಅವನ ಹೆಗಲನ್ನು ಸವರಿದಂತೆ ಹಾದುಹೋಗುತ್ತಾನೆ. ಕಾಯುವವನಿಗೆ ಈಗ ಎರಡು ದಾರಿ. ಅಡ್ಡ ನಿಂತವನನ್ನು ಬುಟ್ಟಿಯ ಕಡೆಯಿಂದ ಬಳಸಿ ಬರಬಹುದು. ಹಾಗೆ ಬಂದರೆ ಗಾರ್ಡಿಗೆ ಎಸೆಯಲು ತೆರಪು ಸಿಕ್ಕುತ್ತದೆ, ಆದರೆ ಅವನಿಗೆ ದೂರದ ಎಸೆತ ತಿಳಿಯದಿದ್ದರೆ ಸ್ಕ್ರೀನಿನಿಂದಾದ ಲಾಭವೆಲ್ಲ ವ್ಯರ್ಥ. ಇಲ್ಲವೆ ಹೊರಗಿನಿಂದ ಬೆನ್ನಟ್ಟಿ ಬರಬಹುದು. ಆಗ ಎದುರು ಪಕ್ಷದ ಎತ್ತರದವನು ಬುಟ್ಟಿಯ ಮುಂದೆ ಒಬ್ಬಂಟಿಯಾಗಿ ಇಬ್ಬರನ್ನು ಎದುರಿಸಬೇಕಾಗುತ್ತದೆ. ಹೊಸ ಗಾರ್ಡಿಗೆ ನವೆಂಬರಿನಲ್ಲಿ ಕಾಣುವುದು ಇಷ್ಟೇ: ತನ್ನ ಎಸೆತ, ಅಥವಾ ಬುಟ್ಟಿಯತ್ತ ಓಡುತ್ತಿರುವ ಜೊತೆಗಾರ. ಆದರೆ ಅದೇ ಕ್ಷಣದಲ್ಲಿ ದೂರದ ಮೂಲೆಯಲ್ಲಿ ನಿಂತಿದ್ದ ಮೂರನೆಯ ರಕ್ಷಕನೊಬ್ಬನು, ಬುಟ್ಟಿಯನ್ನು ಕಾಯಲೆಂದು, ಒಂದು ಹೆಜ್ಜೆ ಒಳಕ್ಕೆ ಇಟ್ಟಿರುತ್ತಾನೆ. ಅವನು ಬಿಟ್ಟುಬಂದ ಮೂಲೆಯ ಆಟಗಾರನು ಒಂದರೆ ನಿಮೇಷದ ಮಟ್ಟಿಗೆ ಸ್ವತಂತ್ರನಾಗಿರುತ್ತಾನೆ. ಆ ಹೆಜ್ಜೆಯನ್ನು ಕಂಡು, ರಕ್ಷಕನ ಕಾಲು ಹಿಂದಕ್ಕೆ ತಿರುಗುವ ಮುನ್ನವೇ, ಅಂಗಳದ ಅಡ್ಡಕ್ಕೆ ಚೆಂಡನ್ನು ಮೂಲೆಗೆ ಕಳಿಸಬಲ್ಲವನೇ ನಿಜವಾದ ಗಾರ್ಡು. ಇದು ಮಾರ್ಚಿಗೆ ಕಾಣತೊಡಗಿದರೆ ಅವನ ಕಣ್ಣು ಬೆಳೆದಿದೆಯೆಂದು ಅರ್ಥ. ಮೂಲೆಯಲ್ಲಿದ್ದವನ ಎಸೆತವು ತಪ್ಪಿದರೆ ಗಾರ್ಡಿನ ಹೆಸರಿಗೆ ಅಸಿಸ್ಟ್ ದಾಖಲಾಗುವುದಿಲ್ಲ; ದುರ್ಬಲ ತಂಡಗಳಲ್ಲಿ ಆ ಎಸೆತವು ತಪ್ಪುವುದೇ ಹೆಚ್ಚು. ಮೊದಲ ಆಯ್ಕೆಗಳು ದೊರೆಯುವುದು ದುರ್ಬಲ ತಂಡಗಳಿಗೇ ಆದುದರಿಂದ, ಹೊಸ ಗಾರ್ಡುಗಳ ಈ ಬೆಳವಣಿಗೆಯು ಲೆಕ್ಕದ ಪುಟಕ್ಕೆ ಬಾರದೆ ಹೋಗುವುದೇ ವಾಡಿಕೆ. ಹಾಗೆಯೇ, ಈ ಸಾಹಸದಲ್ಲಿ ಚೆಂಡನ್ನು ಕಳೆದುಕೊಂಡ ಪ್ರಸಂಗಗಳನ್ನೆಲ್ಲ ದೋಷವೆಂದೇ ಗಣಿಸಬಾರದು. ಅಜಾಗರೂಕತೆಯಿಂದ ಕಳೆದುಕೊಂಡುದು ಬೇರೆ. ಸರಿಯಾದುದನ್ನು ಕಂಡು, ಕೈ ತಡವಾಗಿ ಕಳೆದುಕೊಂಡುದು ಬೇರೆ. ಎರಡನೆಯದು ಕಲಿಕೆಯ ಶುಲ್ಕ.

ಈ ದೃಷ್ಟಿಯಿಂದ ಕರಿಯ ಮೊದಲ ವರ್ಷವನ್ನು ನೋಡಿದರೆ, ಸೂಚನೆಗಳು ಆಗಲೇ ಇದ್ದುವೆಂಬುದು ಸ್ಪಷ್ಟ. ಮೂರು ಅಂಕದ 380 ಎಸೆತಗಳಲ್ಲಿ 166 ಸಫಲ; ನೂರಕ್ಕೆ 43.7. ಹೊಸಬರಲ್ಲಿ ಅದುವರೆಗೆ ಯಾರೂ 166ರಷ್ಟನ್ನು ಹಾಕಿರಲಿಲ್ಲ. ಮೇಲೆ ಹೇಳಿದ ಆಕಸ್ಮಿಕಕ್ಕೆ ಧಾರಾಳವಾಗಿ ಐದು ಭಾಗವನ್ನು ಕಳೆದರೂ ಉಳಿಯುವುದು ಉತ್ತಮ ಎಸೆತಗಾರನ ದರವೇ. ಫ್ರೀ ಥ್ರೋ 88.5. ಋತುವಿನ ಕಡೆಯ ಪಂದ್ಯದಲ್ಲಿ, ಪೋರ್ಟ್‌ಲಂಡ್ ತಂಡದ ವಿರುದ್ಧ, 42 ಅಂಕ, 9 ರಿಬೌಂಡ್, 8 ಅಸಿಸ್ಟ್. ಆದರೂ ಅವನನ್ನು ಕುರಿತ ಸಂದೇಹಗಳು ತೀರಲಿಲ್ಲ. ಆತನು ಪಾಯಿಂಟ್ ಗಾರ್ಡೋ, ಎಸೆಯುವ ಗಾರ್ಡೋ ಎಂಬ ಪ್ರಶ್ನೆ ಒಂದು. ಅವನ ಮೈ ಈ ಹೊಡೆತಗಳನ್ನು ತಾಳೀತೆ ಎಂಬುದು ಇನ್ನೊಂದು. ತಂಡದ ಹಿರಿಯ ಗಾರ್ಡು ಮಾಂಟಾ ಎಲಿಸ್, ಋತುವು ಆರಂಭವಾಗುವುದಕ್ಕೆ ಮುಂಚೆಯೇ, ತಾವಿಬ್ಬರೂ ಚಿಕ್ಕ ಮೈಯವರಾದುದರಿಂದ ಜೊತೆಯಾಗಿ ಆಡಿ ಗೆಲ್ಲುವುದಾಗದೆಂದು ಬಹಿರಂಗವಾಗಿ ಹೇಳಿದ್ದನು. ಕಾಲಿನ ಗಿಣ್ಣು ಮತ್ತೆ ಮತ್ತೆ ಉಳುಕಿ, 2011ರಲ್ಲಿಯೂ 2012ರಲ್ಲಿಯೂ ಶಸ್ತ್ರಚಿಕಿತ್ಸೆ ನಡೆದು, ಮೂರನೆಯ ಋತುವಿನಲ್ಲಿ 26 ಪಂದ್ಯಗಳಲ್ಲಷ್ಟೇ ಆಡಲು ಸಾಧ್ಯವಾದಾಗ, ಸಂದೇಹಪಟ್ಟವರೇ ಗೆದ್ದಂತೆ ತೋರಿತು. ಆ ಸಮಯದಲ್ಲಿ ವಾರಿಯರ್ಸ್ ತಂಡದವರು ತೋರಿದ ತಾಳ್ಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. 2012ರ ಮಾರ್ಚಿನಲ್ಲಿ ಅವರು ಆರೋಗ್ಯವಂತನಾದ ಎಲಿಸ್‌ನನ್ನು ಮಿಲ್ವಾಕಿಗೆ ಕಳಿಸಿಕೊಟ್ಟು ಗಾಯಾಳುವಾದ ಕರಿಯನ್ನು ಉಳಿಸಿಕೊಂಡರು. ಅದೇ ವರ್ಷದ ಅಕ್ಟೋಬರ್ 31ರಂದು ನಾಲ್ಕು ವರ್ಷಗಳಿಗೆ 44 ಮಿಲಿಯನ್ ಡಾಲರುಗಳ ಒಪ್ಪಂದಕ್ಕೆ ಸಹಿ ಬಿತ್ತು. 2015 ಮತ್ತು 2016ರಲ್ಲಿ ಆತನು ಲೀಗಿನ ಶ್ರೇಷ್ಠ ಆಟಗಾರನೆನಿಸಿದನು. ಎರಡನೆಯ ಸಲ, ಮೊದಲ ಸ್ಥಾನದ ಒಂದು ಮತವೂ ಬೇರೆಯವರಿಗೆ ಹೋಗದೆ.

ಆದರೆ 2009ರ ವಿಮರ್ಶಕರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅಂದು ಒಂದು ತಂಡವು ಪಂದ್ಯವೊಂದಕ್ಕೆ ಮೂರು ಅಂಕಕ್ಕಾಗಿ ಎಸೆಯುತ್ತಿದ್ದುದು ಸರಾಸರಿ ಸುಮಾರು 18 ಸಲ. 2015–16ರ ಹೊತ್ತಿಗೆ ಅದು 24ಕ್ಕೆ ಏರಿತು. 2024–25ರಲ್ಲಿ 37ನ್ನು ದಾಟಿತು. ಕರಿಯಲ್ಲಿದ್ದ ಅಪೂರ್ವವಾದ ಒಂದು ಗುಣಕ್ಕೆ ಆಟವು ಅಂದು ಕೊಡುತ್ತಿದ್ದ ಬೆಲೆಯೇ ಕಡಮೆ. ಅವನೂ ಅವನಂಥವರೂ ಆ ಬೆಲೆಯನ್ನು ಏರಿಸಿದರು. ಆದುದರಿಂದ ಹೊಸಬನೊಬ್ಬನನ್ನು ಇಂದಿನ ಮಾದರಿಯಲ್ಲಿಟ್ಟು, ಇವನು ಯಾವ ಸ್ಥಾನದವನು, ಯಾರ ಹಾಗಿದ್ದಾನೆ ಎಂದು ಕೇಳುವುದಕ್ಕಿಂತಲೂ, ಇವನಲ್ಲಿ ಇತರರಲ್ಲಿ ಇಲ್ಲದ ಒಂದು ಗುಣವಿದೆಯೆ, ಆ ಗುಣವು ದೇಹದ ಯೌವನದೊಡನೆಯೇ ಕಳೆದುಹೋಗುವಂಥದೋ ವಯಸ್ಸಿನೊಡನೆ ಮಾಗುವಂಥದೋ ಎಂದು ಕೇಳುವುದು ಹೆಚ್ಚು ಫಲಕಾರಿ. ಎವನ್ಸ್‌ನ ಗುಣವು ಮೊದಲನೆಯ ಬಗೆಯದು. ಕರಿಯದು ಎರಡನೆಯ ಬಗೆಯದು.

ಸ್ಟೀವ್ ನ್ಯಾಶ್‌ನ ವೃತ್ತಾಂತವನ್ನು ಇಲ್ಲಿ ಬಿಡುವಂತಿಲ್ಲ. 1996ರಲ್ಲಿ ಹದಿನೈದನೆಯವನಾಗಿ ಫೀನಿಕ್ಸ್ ಸೇರಿದ ಈ ಕೆನಡದ ಹುಡುಗನಿಗಿಂತ ಮುಂದೆ ಅದೇ ಸ್ಥಾನದಲ್ಲಿ ಕೆವಿನ್ ಜಾನ್ಸನ್ ಇದ್ದನು. ಆ ವರ್ಷದ ಡಿಸೆಂಬರಿನಲ್ಲಿಯೇ ಜೇಸನ್ ಕಿಡ್ ಸಹ ಬಂದನು. ನ್ಯಾಶ್‌ಗೆ ದೊರೆತುದು ಪಂದ್ಯವೊಂದಕ್ಕೆ ಹತ್ತೂವರೆ ನಿಮಿಷ, ಗಳಿಸಿದುದು 3.3 ಅಂಕ. 1998ರಲ್ಲಿ ಡಲ್ಲಾಸಿಗೆ ಹೋದ ಮೊದಲ ವರ್ಷ, ಗಾಯದ ನಡುವೆ, 7.9 ಅಂಕ, ಸ್ವಂತ ಅಂಗಳದ ಜನರೇ ಅವನನ್ನು ಮೂದಲಿಸಿ ಕೂಗಿದರು. ವೃತ್ತಿಗೆ ಬಂದು ಮೂರು ವರ್ಷ ತುಂಬಿದ, ಇಪ್ಪತ್ತೈದರ ಗಾರ್ಡು! ಇಂದಿನ ಲೆಕ್ಕದಲ್ಲಿ ಅವನ ಕಡತವನ್ನು ಕಟ್ಟಿ ಅಟ್ಟಕ್ಕೇರಿಸಲು ಇಷ್ಟು ಸಾಲುತ್ತಿತ್ತು. ಆದರೆ ಮೊದಲ ವರ್ಷದ ಆ ಹತ್ತೂವರೆ ನಿಮಿಷಗಳಲ್ಲಿಯೂ ದೂರದ ಎಸೆತವು ನೂರಕ್ಕೆ 41.8ರಷ್ಟು ನೆಲೆಯಾಗಿತ್ತು, ಡಲ್ಲಾಸಿನ ಕೋಚ್ ಡಾನ್ ನೆಲ್ಸನ್ ಅವರು ಆ ಕೈಯನ್ನೂ ಕಣ್ಣನ್ನೂ ನಂಬಿ ಚೆಂಡನ್ನು ಅವನಿಗೆ ಒಪ್ಪಿಸಿಟ್ಟರು. 2005 ಮತ್ತು 2006ರಲ್ಲಿ ನ್ಯಾಶ್ ಲೀಗಿನ ಶ್ರೇಷ್ಠ ಆಟಗಾರನಾದನು. ಕರಿಯ ಮೊದಲ ವರ್ಷದಲ್ಲಿ ಗೋಲ್ಡನ್ ಸ್ಟೇಟ್ ತಂಡಕ್ಕೆ ಕೋಚ್ ಆಗಿದ್ದವರೂ ಇದೇ ನೆಲ್ಸನ್ ಅವರು.

ಇದರಲ್ಲಿ ನನ್ನನ್ನು ಬಹುವಾಗಿ ಕಾಡುವ ಸಂಗತಿಯೆಂದರೆ, ಎಳೆಯನನ್ನು ಕುರಿತ ತೀರ್ಪು ಎಂದಿಗೂ ಹೊರಗೆ ನಿಂತು ನೋಡುವ ಸಾಕ್ಷಿಯಾಗಿ ಉಳಿಯುವುದಿಲ್ಲವೆಂಬುದು. ಸಾಲದೆಂದು ತೀರ್ಮಾನವಾದವನಿಗೆ ನಿಮಿಷಗಳು ಕಡಿಮೆಯಾಗುತ್ತವೆ. ನಿಮಿಷಗಳು ಕಡಿಮೆಯಾದವನಿಗೆ ತಪ್ಪುಮಾಡಿ ತಿದ್ದಿಕೊಳ್ಳುವ ಅವಕಾಶವು ಇಲ್ಲವಾಗುತ್ತದೆ. ತಿದ್ದಿಕೊಳ್ಳದವನು ಸಾಲದೆಂಬ ತೀರ್ಮಾನವು ಸರಿಯಾಗಿಯೇ ಇತ್ತೆಂದು ಮರುವರ್ಷ ಎಲ್ಲರೂ ತಲೆದೂಗುತ್ತಾರೆ. ಹೀಗೆ ತೀರ್ಪೇ ತನ್ನ ಪುರಾವೆಯನ್ನು ತಾನೇ ನಿರ್ಮಿಸಿಕೊಳ್ಳುತ್ತದೆ. ನ್ಯಾಶ್‌ಗೆ ನೆಲ್ಸನ್ ಸಿಕ್ಕಿದರು. ಸಿಕ್ಕದೆ ಹೋದವರ ಹೆಸರುಗಳು ನಮಗೆ ತಿಳಿಯುವ ಸಂಭವವೇ ಇಲ್ಲ.

2013ರ ಜೂನ್ ತಿಂಗಳ ಡ್ರಾಫ್ಟಿನ ರಾತ್ರಿ ಫಿಲಡೆಲ್ಫಿಯ ತಂಡವು ತನ್ನ ಗಾರ್ಡನ್ನು ನ್ಯೂ ಆರ್ಲಿಯನ್ಸಿಗೆ ಕೊಟ್ಟುಬಿಟ್ಟು, ತೆರವಾದ ಜಾಗಕ್ಕೆ ಹನ್ನೊಂದನೆಯ ಆಯ್ಕೆಯಾಗಿ ಮೈಕೇಲ್ ಕಾರ್ಟರ್-ವಿಲಿಯಮ್ಸ್‌ನನ್ನು ತಂದುಕೊಂಡಿತು. ಅಕ್ಟೋಬರ್ 30ರಂದು, ಚಾಂಪಿಯನ್ನರಾದ ಮಯಾಮಿಯ ಎದುರು, ತನ್ನ ಪ್ರಪ್ರಥಮ ಪಂದ್ಯದಲ್ಲಿ ಆತನು 22 ಅಂಕ, 12 ಅಸಿಸ್ಟ್, 7 ರಿಬೌಂಡ್‌ಗಳ ಜೊತೆಗೆ ಎದುರಾಳಿಗಳಿಂದ ಒಂಬತ್ತು ಸಲ ಚೆಂಡನ್ನು ಕಸಿದುಕೊಂಡು ತಂಡವನ್ನು ಗೆಲ್ಲಿಸಿದನು. ಋತುವಿನ ಕೊನೆಗೆ 16.7 ಅಂಕ, 6.2 ರಿಬೌಂಡ್, 6.3 ಅಸಿಸ್ಟ್, ಮೊದಲ ವರ್ಷದಲ್ಲಿ ಅದುವರೆಗೆ ಅಂಥ ಸರಾಸರಿಗಳನ್ನು ತೋರಿದ್ದವರು ಆಸ್ಕರ್ ರಾಬರ್ಟ್‌ಸನ್ ಮತ್ತು ಮ್ಯಾಜಿಕ್ ಜಾನ್ಸನ್. ಶ್ರೇಷ್ಠ ಹೊಸ ಆಟಗಾರನ ಪ್ರಶಸ್ತಿಯು ಬಂದಿತು. ಆದರೆ ಆ ತಂಡವು ಲೀಗಿನಲ್ಲಿ ಎಲ್ಲರಿಗಿಂತ ವೇಗವಾಗಿ ಆಡಿ, ಎಲ್ಲರ ಲೆಕ್ಕವನ್ನೂ ಹಿಗ್ಗಿಸುತ್ತ, ಒಂದರ ಮೇಲೊಂದರಂತೆ 26 ಪಂದ್ಯಗಳನ್ನು ಸೋತ ತಂಡ. ಹುಡುಗನ ದೂರದ ಎಸೆತವು ನೂರಕ್ಕೆ 26.4, ಫ್ರೀ ಥ್ರೋ 70.3. ಮರುವರ್ಷದ ಫೆಬ್ರವರಿಯಲ್ಲಿಯೇ, ಪ್ರಶಸ್ತಿ ಪಡೆದು ಒಂದು ವರ್ಷವೂ ತುಂಬುವ ಮುನ್ನ, ಅವನನ್ನು ಮಿಲ್ವಾಕಿಗೆ ಕಳಿಸಲಾಯಿತು. ಅಲ್ಲಿಂದ ಷಿಕಾಗೊ, ಷಾರ್ಲೆಟ್, ಹೂಸ್ಟನ್, ಒರ್ಲಾಂಡೊ.

ಆ ರಾತ್ರಿ ಫಿಲಡೆಲ್ಫಿಯವು ಕೈಬಿಟ್ಟ ಗಾರ್ಡು ಜ್ರೂ ಹಾಲಿಡೇ. 2009–10ರಲ್ಲಿ ಇಡೀ ಲೀಗಿನಲ್ಲಿಯೇ ಅತಿ ಕಿರಿಯನಾದ ಆತನ ಸರಾಸರಿಯು 8.0 ಅಂಕಗಳಾಗಿತ್ತು, ಪ್ರಶಸ್ತಿಯ ಚರ್ಚೆಯಲ್ಲಿ ಹೆಸರೇ ಬಂದಿರಲಿಲ್ಲ. ಆದರೆ ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಎದುರಾಳಿಯ ಎದೆಗೆ ಎದೆಯೊಡ್ಡಿ ನಿಂತು, ಕಾಲನ್ನು ತಪ್ಪಿಸದೆ, ಚೆಂಡಿಗೇ ಕೈಹಾಕುವ ರಕ್ಷಣೆಯ ಶಿಸ್ತು ಅವನಲ್ಲಿತ್ತು. 2021ರ ಜುಲೈ 17ರಂದು, ಫೀನಿಕ್ಸಿನಲ್ಲಿ ನಡೆದ ಫೈನಲ್ಸ್ ಸರಣಿಯ ಐದನೆಯ ಪಂದ್ಯದಲ್ಲಿ, ಅವನ ಅಂದಿನ ತಂಡವಾದ ಮಿಲ್ವಾಕಿ ಒಂದೇ ಅಂಕದಿಂದ ಮುಂದಿದ್ದು ಇನ್ನು ಇಪ್ಪತ್ತು ಸೆಕೆಂಡುಗಳೂ ಉಳಿಯದಿದ್ದಾಗ, ಬುಟ್ಟಿಯ ಬಳಿ ತಿರುಗಿದ ಫೀನಿಕ್ಸ್ ತಂಡದ ಡೆವಿನ್ ಬುಕರ್‌ನ ಕೈಗಳಿಂದ ಹಾಲಿಡೇ ಚೆಂಡನ್ನು ಕಿತ್ತುಕೊಂಡು ಓಡಿ, ಅದನ್ನು ಮೇಲಕ್ಕೆ ತೂರಿದನು. ಹಿಂದಿನಿಂದ ಹಾರಿಬಂದ ಜೊತೆಗಾರ ಯಾನಿಸ್ ಅದನ್ನು ಬುಟ್ಟಿಗೆ ಹೊಡೆದನು. ಮುಂದಿನ ಪಂದ್ಯದಲ್ಲಿ ಮಿಲ್ವಾಕಿ ಚಾಂಪಿಯನ್ ಆಯಿತು. 2024ರಲ್ಲಿ ಬಾಸ್ಟನ್ ತಂಡದೊಡನೆ ಹಾಲಿಡೇಗೆ ಅದೇ ಪದವಿ ಎರಡನೆಯ ಸಲ ದೊರೆಯಿತು.